ಆಗದೇ ಆದ ಆಪರೇಷನ್

ಬೆಳಗ್ಗೆ ಮಾಸ್ತರು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾಗ ಜೇಬಿನಲ್ಲಿದ್ದ ಫೋನು ಒಮ್ಮೆ ಕುಂಯ್ ಎಂದಿತು. ಅದನ್ನು ಅದರ ಪಾಡಿಗೆ ಬಿಟ್ಟು ಮೆಟ್ಟಿಲಿಳಿದು ಹೋಗಿದ್ದರೆ ಆ ದಿನ ಎಲ್ಲ ದಿನಗಳ ಹಾಗೆ ಕಳೆದುಹೋಗುತ್ತಿತ್ತು. ಆದರೆ ಗ್ರಹಚಾರ ಕರೆದಾಗ ಬೂಟು ಹಾಕಿದವನೂ ಓಡುತ್ತಾನೆ, ಬರಿಗಾಲಿನವನೂ ಓಡುತ್ತಾನೆ. ಅವರು ಫೋನು ಹೊರಗೆ ತೆಗೆದರು.

ಮಾಸ್ತರೆಂದರೆ ಪಾಠಶಾಲೆಯ ಮಾಸ್ತರಲ್ಲ, ಡ್ರೈವಿಂಗ್ ಸ್ಕೂಲಿನ ಮಾಸ್ತರು. ಊರಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ಅವರ ಪಕ್ಕದಲ್ಲಿ ಕೂತು, ಅವರ ಬೈಗುಳ ಉಂಡು, ಕ್ಲಚ್ಚಿಗೂ ಗೇರಿಗೂ ಇರುವ ಜಗಳ ಬಿಡಿಸುವುದನ್ನು ಕಲಿತವರು. ಎಂಥ ಪುಕ್ಕಲನನ್ನೂ ಸ್ಟೀರಿಂಗ್ ಮುಂದೆ ಕೂರಿಸಿ ಧೈರ್ಯ ತುಂಬುವ ಈ ಮಹಾಶಯರು ಹೆದರುತ್ತಿದ್ದದ್ದು ಫೋನಿಗೆ ಮಾತ್ರ. ಅದರಲ್ಲಿ ಬರುವ ಸಂದೇಶಗಳನ್ನು ಅವರು ಓದುವ ಗೋಜಿಗೇ ಹೋಗುತ್ತಿರಲಿಲ್ಲ. “ಇರುವೆ ಕಾಲಿಗೆ ಮಸಿ ಹಚ್ಚಿ ಓಡಿಸಿದ ಹಾಗೆ ಬರೀತಾರೆ. ಮನುಷ್ಯರು ಓದೋಕಾಗುತ್ತಾ ಅದನ್ನ?” ಎಂದು, ಯಾರು ಎದುರಾದರೆ ಅವರ ಕೈಗೆ ಕೊಟ್ಟು ಓದಿಸುತ್ತಿದ್ದರು.

ಆವತ್ತು ಎದುರಾದದ್ದು ಟೈಲರಮ್ಮ. ಎದುರು ಮನೆಯಾಕೆ. ಹಗಲೆಲ್ಲ ಹೊಲಿಗೆ ಯಂತ್ರದ ಗಡಗಡ ಸದ್ದನ್ನು ಮೀರಿಸಿ ಮಾತಾಡಿ ಅಭ್ಯಾಸವಾಗಿ, ಆಕೆ ಗುಟ್ಟು ಹೇಳಿದರೂ ಮೇಲಿನ ಮಹಡಿಯವರು “ಏನಂದ್ರಿ?” ಎಂದು ಬಗ್ಗಿ ಕೇಳುತ್ತಿದ್ದರು. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ನಾಲ್ಕು ಗುಂಡುಸೂಜಿ. ಸೂಜಿಗಳನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡು, ಗಂಟಲು ಸರಿಮಾಡಿಕೊಂಡು ಓದಿದಳು.

“‘ಮಾನ್ಯರೇ, ತಮ್ಮ ಎರಡೂ ಕಣ್ಣುಗಳ ಪೊರೆಯ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಕಣ್ಣಿನ ಆಸ್ಪತ್ರೆಗೆ ಪಾವತಿಸಲಾಗಿದೆ. ಬೇಗ ಗುಣಮುಖರಾಗಿ. ಇಂತಿ ನಿಮ್ಮ ಆರೋಗ್ಯ ವಿಮಾ ಕಂಪನಿ.’ ಅಯ್ಯೋ ಮಾಸ್ತರೇ! ಎರಡೂ ಕಣ್ಣಾ?”

“ಯಾರ ಕಣ್ಣು?”

“ನಿಮ್ಮದು!”

“ನನ್ನ ಕಣ್ಣಿಗೆ ಯಾವ ಆಪರೇಷನ್ನೂ ಆಗಿಲ್ಲ. ನೋಡಿ, ಎರಡೂ ಇಲ್ಲೇ ಇವೆಯಲ್ಲ!”

“ಆಪರೇಷನ್ ಆದ್ಮೇಲೂ ಅಲ್ಲೇ ಇರ್ತವೆ ಮಾಸ್ತರೇ. ಅವರೇನು ಕಿತ್ಕೊಂಡು ಹೋಗ್ತಾರಾ?”

ಮೇಲೆ ಒಂದು ಬಾಗಿಲು ತೆರೆಯಿತು, ಕೆಳಗೆ ಎರಡು. ಒಬ್ಬರು ಇಣುಕಿ, “ಆಪರೇಷನ್ ಯಾರಿಗೆ?” ಎಂದರು. ಇನ್ನೊಬ್ಬರು, “ನಮ್ಮ ಮಾಸ್ತರಿಗೆ ಕಣ್ಣು ಹೋಯ್ತಂತೆ” ಎಂದು ಉತ್ತರ ಕೊಟ್ಟರು. ಸುದ್ದಿ ಮೇಲಿನ ಮಹಡಿ ಮುಟ್ಟುವಷ್ಟರಲ್ಲಿ ಯಾರೋ ಲೊಚಗುಟ್ಟಿ ಮೂಗೆಳೆದುಕೊಂಡದ್ದೂ ಕೇಳಿಸಿತು.

ಗದ್ದಲಕ್ಕೆ ಮಾಸ್ತರ ಹೆಂಡತಿ ಹೊರಗೆ ಬಂದಳು. ಸಂದೇಶವನ್ನು ಎರಡು ಸಲ ಓದಿದಳು. ಗಂಡನ ಮುಖವನ್ನು ಮೂರು ಸಲ ನೋಡಿದಳು.

“ಹೋದ ಭಾನುವಾರ ಗೆಳೆಯನ ಮನೆಗೆ ಅಂತ ಹೋಗಿ, ಸಂಜೆ ಕಣ್ಣು ಕೆಂಪು ಮಾಡ್ಕೊಂಡು ಗೋಡೆ ಹಿಡ್ಕೊಂಡು ಬಂದ್ರಲ್ಲ. ಅವತ್ತೇನಾ?”

“ಅವತ್ತು... ಅಲ್ವೇ, ಅದು...”

“ನಾನು ಕುಡಿದು ಬಂದಿದ್ದೀರಿ ಅಂದ್ಕೊಂಡು ಎರಡು ದಿನ ಮಾತು ಬಿಟ್ಟಿದ್ದೆ! ನನಗೆ ಗಾಬರಿ ಆಗುತ್ತೆ ಅಂತ ಒಬ್ಬರೇ ಹೋಗಿ ಮಾಡಿಸ್ಕೊಂಡ್ರಾ ರೀ?”

ಮಾಸ್ತರು ಬಾಯಿ ತೆರೆದರು. ಆಪರೇಷನ್ ಆಗಿಲ್ಲವೆಂದರೆ ಆ ಭಾನುವಾರದ ಕಣ್ಣು ಕೆಂಪಿಗೆ ಬೇರೆ ಕಾರಣ ಹೇಳಬೇಕು. ಆ ಕಾರಣ ಬಾಟಲಿಯಲ್ಲಿತ್ತು. ಹೆಂಡತಿ ಇಷ್ಟು ಪ್ರೀತಿಯಿಂದ ನೋಡಿ ಬಹಳ ದಿನಗಳಾಗಿದ್ದವು ಕೂಡ. ಅವರು ಬಾಯಿ ಮುಚ್ಚಿದರು. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡ ಟೈಲರಮ್ಮ ಮನೆಯೊಳಗೆ ಓಡಿ, ತೀರಿಹೋದ ಮಾವನವರದೆಂದು ಜೋಪಾನ ಮಾಡಿದ್ದ ಒಂದು ಕಪ್ಪು ಕನ್ನಡಕ ತಂದಳು. ಹೆಂಡತಿ ಅದನ್ನು ತಾನೇ ಗಂಡನ ಮೂಗಿನ ಮೇಲೆ ಕೂರಿಸಿ, “ಧೂಳು ಬೀಳದ ಹಾಗೆ ನೋಡ್ಕೊಳ್ಳಿ. ತೆಗೆದ್ರೆ ನನ್ನಾಣೆ” ಎಂದಳು. ಆ ಕನ್ನಡಕದ ಗಾಜು ಎಷ್ಟು ಕಪ್ಪಗಿತ್ತೆಂದರೆ ಮಾಸ್ತರಿಗೆ ಬೆಳಗ್ಗೆಯೇ ಅಮಾವಾಸ್ಯೆ ಆಯಿತು.

ಗೋಡೆ ಸವರುತ್ತ ಬೀದಿಗೆ ಬಿದ್ದ ಮೇಲೆ ಅವರಿಗೆ ನೆನಪಾಯಿತು. ಹೋದ ತಿಂಗಳು ಮಾರುಕಟ್ಟೆಯ ಬಳಿ ಆ ಕಣ್ಣಿನ ಆಸ್ಪತ್ರೆಯವರು ಶಾಮಿಯಾನ ಹಾಕಿ ಉಚಿತ ತಪಾಸಣೆ ಇಟ್ಟಿದ್ದರು. ತಪಾಸಣೆಗೆ ಬಂದವರಿಗೆಲ್ಲ ನೀರಿನ ಬಾಟಲಿ ಬಿಟ್ಟಿ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂದು ಇವರೂ ನಿಂತಿದ್ದರು. ಒಂದು ಯಂತ್ರದ ಮೇಲೆ ಗಲ್ಲ ಇಡಿಸಿ, ಕಣ್ಣಿಗೆ ದೀಪ ಬಿಟ್ಟು, ವಿಮೆಯ ಕಾರ್ಡಿನ ಫೋಟೋ ಹೊಡೆದುಕೊಂಡು, “ಫಲಿತಾಂಶ ಆಮೇಲೆ ತಿಳಿಸ್ತೀವಿ” ಎಂದಿದ್ದರು. ತಿಳಿಸಲೂ ತಿಳಿಸಿದರು, ಇವರಿಗಲ್ಲ, ವಿಮಾ ಕಂಪನಿಗೆ.

“ಹಾಡಹಗಲೇ ಕಣ್ಣಿಗೆ ಮಣ್ಣೆರಚಿದ್ದಾರೆ!” ಎಂದು ಮಾಸ್ತರು ಹಲ್ಲು ಕಡಿದರು. ಎದುರಿಗೆ ಬರುತ್ತಿದ್ದ ಯಾರೋ ಗಾಬರಿಯಿಂದ ರಸ್ತೆಯ ಆಚೆ ಬದಿಗೆ ಹೋದರು.

ಡ್ರೈವಿಂಗ್ ಸ್ಕೂಲಿನಲ್ಲಿ ಇನ್ನೊಂದು ಕಾದಿತ್ತು. ವಿಮೆ ಮಾಡಿಸಿದ್ದು ಸ್ಕೂಲಿನ ಕಡೆಯಿಂದ, ಹಾಗಾಗಿ ಅದೇ ಸಂದೇಶ ಯಜಮಾನಿಯ ಫೋನಿಗೂ ಹೋಗಿತ್ತು. ಯಜಮಾನಿ ಒಳ್ಳೆಯ ಹೆಂಗಸು. ಆದರೆ ನಿಯಮದ ವಿಷಯಕ್ಕೆ ಬಂದರೆ ಕೆಂಪು ದೀಪದ ಹಾಗೆ, ಎದುರಿಗೆ ಅಣ್ಣ ನಿಂತಿದ್ದರೂ ಹಸಿರಾಗುವವಳಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಹೊಸ್ತಿಲು ಎಡವಿ ಒಳಗೆ ಬಂದ ಮಾಸ್ತರನ್ನು ನೋಡಿದ ಕೂಡಲೇ ಎದ್ದು ನಿಂತಳು.

“ಎರಡೂ ಕಣ್ಣು ಕೊಯ್ಸ್ಕೊಂಡು ಒಂದು ದಿನಾನೂ ರಜೆ ಹಾಕದೆ ಕಾರು ಹತ್ತಿದ್ದೀರಲ್ಲ ಮಾಸ್ತರೇ! ಮಕ್ಕಳು ಮರಿ ಓಡಾಡೋ ರಸ್ತೆ ಅದು!”

“ಮೇಡಂ, ಆಪರೇಷನ್ ಆಗೇ ಇಲ್ಲ.”

“ಮತ್ತೆ ಈ ಕನ್ನಡಕ?”

“ಇದು ಹೆಂಡತಿ ಆಣೆ ಮೇಡಂ.”

ಮೂಲೆಯ ಮೇಜಿನಿಂದ ಗುಮಾಸ್ತ ಎದ್ದು ಬಂದ. ಕೇಳಿದ್ದನ್ನೆಲ್ಲ ಬಿತ್ತರಿಸುವ ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. “ಮೇಡಂ, ಪರೀಕ್ಷೆ ಮಾಡಿಬಿಡೋಣ. ಮಾಸ್ತರೇ, ಎದುರುಗಡೆ ನಿಂತಿರೋ ವ್ಯಾನಿನ ನಂಬರ್ ಓದಿ, ನೋಡೋಣ.”

ಮಾಸ್ತರು ಕಿಟಕಿಯ ಬಳಿ ನಿಂತು ಕಣ್ಣು ಕಿರಿದು ಮಾಡಿದರು. ಆ ಕತ್ತಲೆಯಲ್ಲಿ ವ್ಯಾನು ಯಾವುದು, ಅದರ ಹಿಂದಿನ ಗೋಡೆ ಯಾವುದು ಎಂಬುದೇ ತಿಳಿಯಲಿಲ್ಲ. “ಈ ಹಾಳು ಕನ್ನಡಕ!” ಎಂದು ಹೆಂಡತಿಯ ಆಣೆಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಅದನ್ನು ತೆಗೆಯುವಷ್ಟರಲ್ಲಿ ವ್ಯಾನು ಹೊಗೆ ಬಿಟ್ಟು ಹೊರಟೇ ಹೋಯಿತು.

“ಓದ್ಲಿಲ್ಲ,” ಎಂದ ರೇಡಿಯೋ, ತೀರ್ಪು ಕೊಡುವವನ ಹಾಗೆ.

“ಅದು ಹೋಗಿಬಿಡ್ತಲ್ಲೋ!”

“ಕಣ್ಣು ಕಾಣೋರಿಗೆ ಹೋಗೋದರೊಳಗೆ ಕಾಣುತ್ತೆ.”

ಯಜಮಾನಿ ಗೋಡೆಯ ಮೊಳೆಯಿಂದ ಕಾರಿನ ಕೀಲಿ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. “ನೋಡಿ ಮಾಸ್ತರೇ, ಆಪರೇಷನ್ ಆಗಿದ್ರೆ ಪೂರ್ತಿ ವಾಸಿಯಾಗಿದೆ ಅಂತ ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ. ಆಗಿಲ್ಲ ಅಂದ್ರೆ ಆಗಿಲ್ಲ ಅಂತ ಬರೆಸ್ಕೊಂಡು ಬನ್ನಿ. ಅಲ್ಲಿವರೆಗೂ ನಿಮ್ಮನ್ನ ಕಾರಲ್ಲಿ ಕೂರಿಸಿದ್ರೆ ನನ್ನ ಸ್ಕೂಲಿಗೆ ಬೀಗ ಬೀಳುತ್ತೆ.”

ಕಾರಿಲ್ಲದ ಡ್ರೈವಿಂಗ್ ಮಾಸ್ತರೆಂದರೆ ಹಲ್ಲಿಲ್ಲದ ಗರಗಸ. ಅಂಗಳದ ಕಟ್ಟೆಯ ಮೇಲೆ ಅವರು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಆ ಹೊತ್ತಿನ ಪಾಠಕ್ಕೆ ಹಲ್ಲಿನ ಡಾಕ್ಟರಮ್ಮ ಬಂದಳು. ರೋಗಿಗಳ ಬಾಯಿಗೆ ಇಕ್ಕಳ ಹಾಕುವಾಗ ನಗುನಗುತ್ತಾ “ಏನೂ ಆಗಲ್ಲ” ಎನ್ನುವ ಆಕೆ, ಕಾರಿನ ಬಾಗಿಲು ಮುಟ್ಟಿದರೆ ಬೆವರುತ್ತಿದ್ದಳು. ಇವತ್ತು ಪಾಠವಿಲ್ಲ ಎಂದು ಕೇಳಿ ಮೊದಲು ಆಕೆಗೆ ಜೀವ ಬಂತು; ಕಾರಣ ಕೇಳಿದ ಮೇಲೆ ಕೋಪವೂ ಬಂತು.

“ಮಾಸ್ತರೇ, ಈಗ ಎದ್ದು ಆ ಆಸ್ಪತ್ರೆಗೆ ಹೋಗಿ ಜಗಳ ಆಡ್ಬೇಡಿ. ತಪ್ಪಾಗಿ ಬಿಲ್ ಆಗಿರ್ಬಹುದು, ಬೇಕು ಅಂತಲೇ ಮಾಡಿರ್ಬಹುದು. ಎರಡನೆಯದಾದ್ರೆ ನೀವು ಹೋಗಿ ಕೂಗಾಡಿದ ತಕ್ಷಣ ಕಾಗದಪತ್ರ ಮಾಯ ಮಾಡ್ತಾರೆ.”

“ಮತ್ತೇನ್ ಮಾಡ್ಲಿ ತಾಯಿ?”

“ನಿಮ್ಮ ವಿಮೆ ಕಾರ್ಡಿನ ಹಿಂಬದಿ ಒಂದು ಸಹಾಯವಾಣಿ ನಂಬರ್ ಇರುತ್ತೆ. ಅದಕ್ಕೇ ಮಾಡಿ. ಬೇರೆ ಯಾರಾದ್ರೂ ಫೋನ್ ಮಾಡಿ ನಾವು ಕಂಪನಿಯೋರು ಅಂದ್ರೆ ಏನೂ ಹೇಳ್ಬೇಡಿ. ಆ ಸಂದೇಶ ಅಳಿಸ್ಬೇಡಿ. ನಿಮ್ಮ ಹೆಸರು ಹೊರಗೆ ಬಿಡ್ಬೇಡಿ ಅಂತ ಕೇಳ್ಕೊಳ್ಳಿ, ಗುಟ್ಟಾಗಿ ಇಡ್ತಾರೆ. ಮುಖ್ಯವಾಗಿ, ಯಾರ ಕಿವಿಗೂ ಬೀಳದ ಜಾಗದಲ್ಲಿ ಕೂತು ಮಾತಾಡಿ.”

ಕಾರ್ಡಿನ ಹಿಂದಿನ ನಂಬರನ್ನು ಆಕೆಯೇ ಒತ್ತಿ, ಫೋನನ್ನು ಜೋರು ದನಿಗೆ ಹಾಕಿ ಕೊಟ್ಟು, ಇವತ್ತು ಕಾರು ಹತ್ತಬೇಕಿಲ್ಲ ಎಂಬ ಸಂತೋಷಕ್ಕೆ ಹಾರುತ್ತಾ ಹೋದಳು.

ಯಾರ ಕಿವಿಗೂ ಬೀಳದ ಜಾಗ! ಆಫೀಸಿನಲ್ಲಿ ರೇಡಿಯೋ. ಮನೆಯಲ್ಲಿ ಟೈಲರಮ್ಮ. ಮಾಸ್ತರ ಕಣ್ಣಿಗೆ ಬಿದ್ದದ್ದು ಅಂಗಳದಲ್ಲಿ ನಿಂತಿದ್ದ ತಮ್ಮದೇ ಕಾರು. ಕೀಲಿ ಇಲ್ಲದಿದ್ದರೇನು, ಬಾಗಿಲಿಗೆ ಬೀಗ ಇರಲಿಲ್ಲ. ಒಳಗೆ ಕೂತು, ಗಾಜು ಏರಿಸಿ, ಕನ್ನಡಕ ಸರಿಮಾಡಿಕೊಂಡರು. ಒಲೆಯೊಳಗೆ ಕೂತಂತೆ ಸೆಖೆ. ಕೈಯಾಡಿಸಿ ಪುಟ್ಟ ಫ್ಯಾನಿನ ಸ್ವಿಚ್ಚು ಒತ್ತಿದರು. ಫ್ಯಾನು ತಿರುಗಲಿಲ್ಲ. ಹಾಳಾಗಿರಬೇಕು ಎಂದುಕೊಂಡರು.

ಫ್ಯಾನು ಹಾಳಾಗಿರಲಿಲ್ಲ. ಅವರು ಒತ್ತಿದ್ದು ಅದರ ಪಕ್ಕದ್ದನ್ನು. ಆ ಕಾರಿನ ನೆತ್ತಿಯ ಮೇಲೆ, ಹೊಸ ವಿದ್ಯಾರ್ಥಿಗಳನ್ನು ಕರೆಯಲೆಂದು ಸ್ಕೂಲಿನವರು ಕಟ್ಟಿಸಿದ್ದ ಹಿತ್ತಾಳೆಯ ಧ್ವನಿವರ್ಧಕ ಒಂದಿತ್ತು; ಅದರ ಮೈಕು ಸ್ಟೀರಿಂಗಿನ ಪಕ್ಕದಲ್ಲೇ ಇತ್ತು.

“ನಮಸ್ಕಾರ, ಸಹಾಯವಾಣಿಗೆ ಸ್ವಾಗತ. ಹೇಳಿ ಸಾರ್,” ಎಂದಳು ಆ ಕಡೆಯ ಹುಡುಗಿ.

“ಅಮ್ಮಾ, ಒಂದು ಗುಟ್ಟಿನ ವಿಷಯ,” ಎಂದರು ಮಾಸ್ತರು.

ಬೀದಿಯ ಕೊನೆಯ ಮರದಿಂದ ಹಕ್ಕಿಗಳು ಪಟಪಟನೆ ಹಾರಿದವು.

“ಹೇಳಿ ಸಾರ್. ನೀವು ದೂರು ಕೊಟ್ಟಿದ್ದು ಯಾರಿಗೂ ಗೊತ್ತಾಗಲ್ಲ. ನೀವೂ ಯಾರ ಹತ್ರಾನೂ ಹೇಳ್ಬೇಡಿ.”

“ಛೆ ಛೆ, ನನ್ನ ನೆರಳಿಗೂ ಹೇಳಲ್ಲ.” ಮಾಸ್ತರು ತಪಾಸಣೆಯ ಕತೆ, ನೀರಿನ ಬಾಟಲಿಯ ಕತೆ, ಆಸ್ಪತ್ರೆಯ ಹೆಸರು, ವಿಳಾಸ, ಅಲ್ಲಿಗೆ ಹೋಗಲು ಎಲ್ಲಿ ತಿರುಗಬೇಕು ಎಂಬುದನ್ನೂ ಸೇರಿಸಿ ಹೇಳಿದರು. ಹುಡುಗಿ ಬರೆದುಕೊಂಡಳು. ನಂತರ ಕೇಳಿದಳು: “ಸಾರ್, ಬಿಲ್ಲಿನಲ್ಲಿ ಹೋದ ಭಾನುವಾರ ಆಪರೇಷನ್ ಆಗಿದೆ ಅಂತಿದೆ. ಆ ದಿನ ನೀವೆಲ್ಲಿದ್ರಿ? ಸಾಕ್ಷಿಗೆ ಬೇಕಾಗುತ್ತೆ.”

ಮಾಸ್ತರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಗಾಜು ಏರಿಸಿದ್ದೇನೆ, ಯಾರಿಗೆ ಕೇಳುತ್ತದೆ? “ಇದೂ ಗುಟ್ಟಾಗಿರುತ್ತಾ?”

“ಖಂಡಿತ ಸಾರ್.”

“ಗೆಳೆಯನ ಮನೆಯಲ್ಲಿ ಕೂತು ಕುಡೀತಿದ್ದೆ ಕಣಮ್ಮಾ. ಅವನ ಹೆಂಡತಿ ತವರಿಗೆ ಹೋಗಿದ್ಲು. ಬೆಳಗ್ಗೆಯಿಂದ ಸಂಜೆವರೆಗೂ ಕೂತಿದ್ವಿ. ನನ್ನವಳಿಗೆ ಮಾತ್ರ ಗೊತ್ತಾಗ್ಬಾರ್ದು. ಆಪರೇಷನ್ ಅಂದ್ಕೊಂಡು ಬೆಳಗ್ಗೆಯಿಂದ ಎಷ್ಟು ಚೆನ್ನಾಗಿ ಮಾತಾಡಿಸ್ತಿದ್ದಾಳೆ ಗೊತ್ತಾ!”

ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. “ಸಾರ್, ನಿಮ್ಮ ಮಾತು ಇಲ್ಲಿ ಎರಡೆರಡು ಸಲ ಕೇಳಿಸ್ತಿದೆ. ನೀವು ಬಾವಿ ಹತ್ರ ಇದ್ದೀರಾ?”

ಆಗ ಯಾರೋ ಗಾಜು ತಟ್ಟಿದರು. ಮಾಸ್ತರು ಕನ್ನಡಕ ಎತ್ತಿ ನೋಡಿದರೆ ಅಂಗಳದ ತುಂಬ ಜನ. ಮುಂದೆ ಯಜಮಾನಿ, ಪಕ್ಕದಲ್ಲಿ ರೇಡಿಯೋ; ಬಿತ್ತರಿಸುವುದರಲ್ಲಿ ತನ್ನನ್ನೇ ಮೀರಿಸಿದವರು ಸಿಕ್ಕರೆಂಬ ಗೌರವದಿಂದ ಅವನು ಕೈಕಟ್ಟಿ ನಿಂತಿದ್ದ. ಅವನು ಬಾಗಿಲು ತೆರೆದು, ಬಗ್ಗಿ ಸ್ವಿಚ್ಚು ಆರಿಸಿ, “ಗುಟ್ಟು ಚೆನ್ನಾಗಿ ಕೇಳಿಸ್ತು ಮಾಸ್ತರೇ” ಎಂದ.

ಮಾಸ್ತರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟದ್ದು ಟೈಲರಮ್ಮ. ಬೀದಿಯ ತಿರುವಿನಲ್ಲಿ ಆಕೆ ಕೊಡೆಯನ್ನು ಗದೆಯ ಹಾಗೆ ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದಳು. ಹಿಂದೆ, ಧ್ವನಿವರ್ಧಕದ ಸದ್ದು ಕೇಳಿ ಹೊರಟು ಬಂದ ಕಟ್ಟಡದ ಅರ್ಧ ಜನ. ಅವರ ನಡುವೆ ಮಾಸ್ತರ ಹೆಂಡತಿ. ಅವಳು ನೇರ ಬಂದು, ಗಂಡನನ್ನು ಮೇಲಿಂದ ಕೆಳಗೆ ನೋಡಿ, “ಮನೆಗೆ ಬನ್ನಿ, ಮಾತಾಡೋಣ” ಎಂದಳಷ್ಟೆ. ಇಂಥ ಮೂರು ಮಾತಿಗಿಂತ ಮೂರು ಏಟು ಎಷ್ಟೋ ವಾಸಿ.

“ಅದು ಆಮೇಲೆ!” ಎಂದು ಟೈಲರಮ್ಮ ಗುಡುಗಿದಳು. “ಕುಡಿದದ್ದಕ್ಕೆ ನೀವು ಕೇಳ್ಕೊಳ್ಳಿ ತಂಗೀ, ಕಣ್ಣಿಗೆ ನಾನು ಕೇಳ್ತೀನಿ. ನಾನೂ ಆ ಶಾಮಿಯಾನದಲ್ಲಿ ಗಲ್ಲ ಇಟ್ಟಿದ್ದೆ! ನಾಳೆ ನನಗೂ ಏನಾದ್ರೂ ಕೊಯ್ದಿದ್ದೀವಿ ಅಂತ ಬರೆದ್ರೆ? ನಡೀರಿ ಆಸ್ಪತ್ರೆಗೆ!”

“ಬೇಡಿ, ಬೇಡಿ! ಆ ಹುಡುಗಿ ಯಾರಿಗೂ ಹೇಳ್ಬಾರ್ದು ಅಂದಿದ್ದಾಳೆ!” ಎಂದರು ಮಾಸ್ತರು.

“ನಾವು ಯಾರಿಗೂ ಹೇಳಲ್ಲ. ಅವರಿಗೆ ಮಾತ್ರ ಹೇಳ್ತೀವಿ.”

ಮೆರವಣಿಗೆ ಹೊರಟೇಬಿಟ್ಟಿತು. ಕಾಗದ ಮಾಯವಾದರೆ ಎಲ್ಲ ಕೆಟ್ಟಿತೆಂದು ಮಾಸ್ತರು ಅಡ್ಡದಾರಿಯಲ್ಲಿ ಏದುಸಿರು ಬಿಡುತ್ತ ಓಡಿದರು. ಆಸ್ಪತ್ರೆಯ ಬಾಗಿಲಲ್ಲಿ ಬಿಳಿ ಕೋಟು ಹಾಕಿದ ಒಬ್ಬ ವೈದ್ಯರು ನಗುತ್ತಾ ನಿಂತಿದ್ದರು. ಮಾಸ್ತರು ಕೈಮುಗಿದು, “ಸ್ವಾಮೀ, ದಮ್ಮಯ್ಯ, ಬೇಗ ಬಾಗಿಲು ಹಾಕ್ಕೊಳ್ಳಿ, ಜನ ಬರ್ತಿದ್ದಾರೆ” ಎಂದರು. ವೈದ್ಯರು ನಗುತ್ತಲೇ ಇದ್ದರು. ಎರಡನೆಯ ಸಲ ಬೇಡಿಕೊಂಡು ಕೈ ಹಿಡಿದರೆ ಕೈ ರಟ್ಟಿನದಾಗಿತ್ತು. ಜಾಹೀರಾತಿನ ಬೊಂಬೆ. ಮಾಸ್ತರು ಕಪ್ಪು ಕನ್ನಡಕಕ್ಕೆ ಶಾಪ ಹಾಕಿ ಒಳಗೆ ನುಗ್ಗುವಷ್ಟರಲ್ಲಿ ಹಿಂದೆಯೇ ಟೈಲರಮ್ಮನ ಕೊಡೆಯೂ ನುಗ್ಗಿತು.

“ಕೊಯ್ಯದ ಕಣ್ಣಿಗೆ ದುಡ್ಡು ತಗೊಂಡೋರು ಯಾರ್ರೀ ಇಲ್ಲಿ?”

ಕಾಯುವ ಕೋಣೆಯ ರೋಗಿಗಳೆಲ್ಲ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರೂ ಸಹ, ಆ ಕಡೆ ತಿರುಗಿದರು. ಒಳಗಿನಿಂದ ಮ್ಯಾನೇಜರು ಬಂದ. ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ಮನುಷ್ಯ. ಕೂದಲೂ ನುಣುಪು, ಮಾತೂ ನುಣುಪು.

“ಅಮ್ಮಾ, ಕೂತ್ಕೊಳ್ಳಿ. ನೀರು ಕುಡೀರಿ. ಇದೆಲ್ಲ ಕಂಪ್ಯೂಟರ್ ಮಾಡೋ ತಪ್ಪು. ಎರಡು ನಿಮಿಷದಲ್ಲಿ ಸರಿಮಾಡ್ತೀನಿ” ಎನ್ನುತ್ತಾ ಹಿಂದಿನ ಕಪಾಟಿನಿಂದ ಕಡತಗಳನ್ನು ಎಳೆದು ಎಳೆದು ಒಂದು ಚೀಲಕ್ಕೆ ತುಂಬತೊಡಗಿದ. ಕಂಪ್ಯೂಟರಿನ ತಪ್ಪನ್ನು ಚೀಲದಲ್ಲಿ ತುಂಬಿ ಸರಿಮಾಡುವುದನ್ನು ಮಾಸ್ತರು ಮೊದಲ ಸಲ ಕಂಡರು.

“ಚೀಲ ಕೆಳಗಿಡಿ.”

ಹೇಳಿದ್ದು ಟೈಲರಮ್ಮನಲ್ಲ. ಮೂಲೆಯ ಬೆಂಚಿನಲ್ಲಿ ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಮುದುಡಿ ಕೂತಿದ್ದ ಒಬ್ಬ ಉದ್ದನೆಯ ಮನುಷ್ಯ ಎದ್ದು ನಿಂತ. ಪಟ್ಟಿ ಬಿಚ್ಚಿದ. ಒಳಗೆ ಮೀನಿನ ಕಣ್ಣಿನ ಹಾಗೆ ಫಳಫಳಿಸುವ ಆರೋಗ್ಯವಂತ ಕಣ್ಣು.

“ನಾನು ವಿಮಾ ಕಂಪನಿಯ ತನಿಖಾಧಿಕಾರಿ. ಈ ಆಸ್ಪತ್ರೆ ಮೇಲೆ ನಮಗೆ ಮೊದಲಿಂದಲೂ ಗುಮಾನಿ. ದೂರು ಕೊಡೋ ಒಬ್ಬ ಧೈರ್ಯವಂತ ಸಿಗ್ಲಿ ಅಂತ ಕಾಯ್ತಿದ್ವಿ. ಈಗಷ್ಟೇ ಕಚೇರಿಯಿಂದ ಫೋನ್ ಬಂತು. ದೂರು ಕೊಟ್ಟವರ ಹೆಸರು ಮಾತ್ರ ನಾನು ಯಾವ ಕಾರಣಕ್ಕೂ ಹೇಳೋ ಹಾಗಿಲ್ಲ.”

“ಇವರೇ!” ಎಂದು ಇಡೀ ಮೆರವಣಿಗೆ ಮಾಸ್ತರತ್ತ ಬೆರಳು ತೋರಿಸಿತು.

ಅಧಿಕಾರಿ ನಿಟ್ಟುಸಿರಿಟ್ಟ. ಆಮೇಲೆ ಮಾಸ್ತರ ಕೈ ಕುಲುಕಿದ. “ಬಹಳ ಸಂತೋಷ. ನಿಮ್ಮ ಕಣ್ಣಿಗೆ ಆಪರೇಷನ್ ಆಗಿಲ್ಲ ಅಂತ ಬೇರೆ ಆಸ್ಪತ್ರೆಯ ವೈದ್ಯರು ಬರೆದುಕೊಟ್ರೆ ಸಾಕು, ಇವರ ಆಟ ಮುಗೀತು. ದೊಡ್ಡಾಸ್ಪತ್ರೆಗೆ ಈಗಲೇ ಹೋಗೋಣ. ಮ್ಯಾನೇಜರ್ ಸಾಹೇಬ್ರೇ, ನೀವೂ ಬನ್ನಿ. ಚೀಲ ನನಗೆ ಕೊಡಿ.”

ದೊಡ್ಡಾಸ್ಪತ್ರೆಗೆ ಹೋಗುವಾಗ ಮಾಸ್ತರ ನಡಿಗೆಯೇ ಬದಲಾಗಿತ್ತು. ಬೀದಿಯ ಜನ ಅವರನ್ನು ನೋಡಿ ತಲೆಬಾಗಿಸುತ್ತಿದ್ದರು. ಯಜಮಾನಿ, “ಸರ್ಟಿಫಿಕೇಟ್ ಸಿಕ್ಕ ತಕ್ಷಣ ಅಲ್ಲೇ ಕೀಲಿ ಕೊಡ್ತೀನಿ ಮಾಸ್ತರೇ, ನನಗೂ ಬೇಜಾರಾಗಿದೆ” ಎಂದು ಜೊತೆಯಲ್ಲೇ ಬಂದಳು. ಹೆಂಡತಿ ಮಾತ್ರ ನಾಲ್ಕು ಹೆಜ್ಜೆ ಹಿಂದೆ, ಮೋಡ ಕವಿದ ಬೆಟ್ಟದ ಹಾಗೆ. ಆದರೂ, ಇಷ್ಟು ಜನರ ಮುಂದೆ ಗಂಡನಿಗೆ ‘ಧೈರ್ಯವಂತ’ ಎಂಬ ಬಿರುದು ಸಿಕ್ಕಾಗ ಆಕೆಯ ತುಟಿಯ ತುದಿ ಒಂದು ಎಳೆ ಸಡಿಲಿದ್ದನ್ನು ಟೈಲರಮ್ಮ ಕಂಡಳು. ಕಂಡದ್ದನ್ನು ಎಲ್ಲರಿಗೂ ಹೇಳಿದಳು.

ದೊಡ್ಡಾಸ್ಪತ್ರೆಯ ಕಣ್ಣಿನ ವೈದ್ಯೆ ಬಿಳಿಗೂದಲಿನ ಹಿರಿಯಾಕೆ. ಒಂದೇ ಕೋಣೆಗೆ ಇಷ್ಟು ಜನ ನುಗ್ಗಿದ್ದನ್ನು ನೋಡಿ, “ಒಬ್ಬರ ಎರಡು ಕಣ್ಣಿಗೆ ಇಷ್ಟು ಜನಾನಾ?” ಎಂದಳು. ಕನ್ನಡಕ ತೆಗೆಸಿ, ಗಲ್ಲ ಇಡಿಸಿ, ದೀಪ ಬಿಟ್ಟು, ಬಲಗಣ್ಣು ನೋಡಿದಳು, ಎಡಗಣ್ಣು ನೋಡಿದಳು, ಮತ್ತೆ ಬಲಗಣ್ಣು ನೋಡಿದಳು. ಕೋಣೆಯಲ್ಲಿ ಎಲ್ಲರೂ ಉಸಿರು ಹಿಡಿದರು. ಮ್ಯಾನೇಜರು ಒಬ್ಬನೇ ಬೆವರು ಒರೆಸಿಕೊಂಡ.

“ಈ ಕಣ್ಣುಗಳಿಗೆ ಯಾವ ಶಸ್ತ್ರಚಿಕಿತ್ಸೆಯೂ ಆಗಿಲ್ಲ,” ಎಂದಳು ವೈದ್ಯೆ. “ಯಾವ ಕೋರ್ಟಿನಲ್ಲಿ ಬೇಕಾದ್ರೂ ಹೇಳ್ತೀನಿ.”

ಟೈಲರಮ್ಮ ಕೊಡೆ ನೆಲಕ್ಕೆ ಕುಟ್ಟಿದಳು. ಜನ ಚಪ್ಪಾಳೆ ತಟ್ಟಿದರು. ಅಧಿಕಾರಿ ಮಾಸ್ತರ ಬೆನ್ನು ತಟ್ಟಿದ. ಮಾಸ್ತರು ಎದೆಯುಬ್ಬಿಸಿ ಯಜಮಾನಿಯ ಕಡೆ ಕೈ ಚಾಚಿದರು. ಯಜಮಾನಿ ನಗುತ್ತಾ ಚೀಲದಿಂದ ಕೀಲಿ ತೆಗೆದು ಅವರ ಅಂಗೈ ಮೇಲಿಟ್ಟಳು.

“ಡಾಕ್ಟ್ರೇ, ವರದಿಗೆ ಒಂದು ಮಾತು ಬೇಕು,” ಎಂದ ಅಧಿಕಾರಿ ಪೆನ್ನು ತೆಗೆಯುತ್ತಾ. “ಆಪರೇಷನ್ ಆಗಿಲ್ಲ ಅಂತ ಇಷ್ಟು ಖಂಡಿತವಾಗಿ ಹೇಗೆ ಹೇಳ್ತೀರಿ?”

“ಇದೇನ್ರೀ ಪ್ರಶ್ನೆ? ಆಪರೇಷನ್ ಆಗ್ಬಿಟ್ಟಿದ್ರೆ ಪೊರೆ ಹೋಗಿರ್ಬೇಕಿತ್ತಲ್ಲ! ಎರಡೂ ಕಣ್ಣಲ್ಲಿ ಪೊರೆ ಗಟ್ಟಿಯಾಗಿ ಕೂತಿದೆ. ಒಳ್ಳೇ ಹಣ್ಣಾಗಿದೆ. ಇವರಿಗೆ ಎದುರಿಗಿರೋ ಮನುಷ್ಯನ ಮುಖ ಗುರುತು ಹತ್ತೋದೇ ಕಷ್ಟ. ಯಾರ ಕೈಹಿಡ್ಕೊಂಡು ಬಂದ್ರು ಇವರು? ಮನೇಲೇ ಇರ್ತಾರೆ ತಾನೆ?”

ಕೋಣೆಯಲ್ಲಿ ಸೂಜಿ ಬಿದ್ದರೆ ಕೇಳಿಸುವಷ್ಟು ಮೌನ. ನಿಜಕ್ಕೂ ಟೈಲರಮ್ಮನ ಸೆರಗಿನಿಂದ ಒಂದು ಗುಂಡುಸೂಜಿ ಬಿತ್ತು, ಕೇಳಿಸಿತು.

“ಇವರು... ಕಾರು ಕಲಿಸೋ ಮಾಸ್ತರು,” ಎಂದಳು ಯಜಮಾನಿ ಸಣ್ಣ ದನಿಯಲ್ಲಿ.

ವೈದ್ಯೆ ಕುರ್ಚಿಯಿಂದ ಎದ್ದುಬಿಟ್ಟಳು. “ಕಾರಾ? ಈ ಕಣ್ಣಲ್ಲಾ?”

ಮಾಸ್ತರ ಅಂಗೈ ಮೇಲಿನ ಕೀಲಿ ಯಜಮಾನಿಯ ಚೀಲಕ್ಕೆ ಯಾವಾಗ ವಾಪಸು ಹೋಯಿತೆಂಬುದು ಅವರಿಗೆ ತಿಳಿಯಲೇ ಇಲ್ಲ. “ಅಲ್ಲಾ ಡಾಕ್ಟ್ರೇ, ನನಗೆ ಎಲ್ಲಾ ಕಾಣುತ್ತಲ್ಲ! ಸ್ವಲ್ಪ ಮಂಜು ಮಂಜು, ಅಷ್ಟೇ. ನಾನು ಗಾಡಿಗಳ ಹೊಗೆ ಜಾಸ್ತಿಯಾಗಿದೆ ಅಂತ ತಿಳಿದಿದ್ದೆ” ಎಂದರು. ದನಿ ಪಾತಾಳಕ್ಕಿಳಿದಿತ್ತು.

ಅಷ್ಟು ಹೊತ್ತೂ ಬಾಡಿದ್ದ ಮ್ಯಾನೇಜರ ಮುಖ ಈಗ ಅರಳಿತು. “ನೋಡಿದ್ರಾ? ನಾವು ಸುಳ್ಳು ಬರೆದಿಲ್ಲ ಸಾರ್! ಕಾಯಿಲೆ ನಿಜ, ಕಣ್ಣು ನಿಜ, ದಿನಾಂಕ ಮಾತ್ರ ಸ್ವಲ್ಪ ಮೊದಲೇ ಬಿದ್ದಿದೆ. ಮಾಸ್ತರೇ, ನಾಳೆ ಬೆಳಗ್ಗೆ ಬನ್ನಿ, ಎರಡೂ ಕಣ್ಣು ಮಾಡಿ ಕಳಿಸ್ತೀವಿ. ದುಡ್ಡು ಹೇಗೂ ಬಂದಿದೆಯಲ್ಲ, ನೀವೇನೂ ಕೊಡೋದು ಬೇಡ. ದೂರೊಂದು ವಾಪಸ್ ತಗೊಳ್ಳಿ, ಸಾಕು.”

ಎಲ್ಲರೂ ಮಾಸ್ತರನ್ನು ನೋಡಿದರು. ಮಾಸ್ತರಿಗೆ ಒಂದು ಗಳಿಗೆ ಆಸೆಯಾಯಿತು, ಸುಳ್ಳೇಕೆ ಹೇಳಬೇಕು. ಕೆಲಸ, ಕಾರು, ಪಕ್ಕದಲ್ಲಿ ಬೆವರುವ ಶಿಷ್ಯರು, ಎಲ್ಲ ಕಣ್ಣ ಮುಂದೆ ಬಂದು ಹೋದವು. ಮಂಜು ಮಂಜಾಗಿಯೇ ಬಂದವು. ಆಮೇಲೆ ಅವರು ತಲೆಯಾಡಿಸಿದರು.

“ಇಲ್ಲಪ್ಪ. ಕೊಯ್ಯದೇ ಬಿಲ್ ಬರೆಯೋರು, ಕೊಯ್ದ ಮೇಲೆ ಇನ್ನೇನು ಬರೀತೀರೋ. ನನ್ನ ದೂರು ದೂರೇ. ನಾನು ಈ ದೊಡ್ಡಾಸ್ಪತ್ರೆಯಲ್ಲೇ ಮಾಡಿಸ್ಕೊಳ್ತೀನಿ. ಡಾಕ್ಟ್ರೇ, ನಾಳೆನೇ ಬರ್ಲಾ?”

“ಬನ್ನಿ, ಬನ್ನಿ,” ಎಂದಳು ವೈದ್ಯೆ.

“ಬರೋ ಹಾಗಿಲ್ಲ,” ಎಂದ ಅಧಿಕಾರಿ.

“ಯಾಕೆ? ವಿಮೆ ದುಡ್ಡು ಬೇಡ, ಕೈಯಿಂದ ಹಾಕ್ತೀನಿ!”

“ದುಡ್ಡಿನ ಮಾತಲ್ಲ ಮಾಸ್ತರೇ.” ಅಧಿಕಾರಿ ಅವರ ಹೆಗಲ ಮೇಲೆ ಬಹಳ ಗೌರವದಿಂದ ಕೈಯಿಟ್ಟ. “ಈ ಇಡೀ ಮೊಕದ್ದಮೆಗೆ ಇರೋ ಗಟ್ಟಿ ಸಾಕ್ಷಿ ಅಂದ್ರೆ ನಿಮ್ಮ ಕಣ್ಣಲ್ಲಿರೋ ಪೊರೆ. ಅದನ್ನ ತೆಗೆಸಿಬಿಟ್ರೆ, ನೋಡಿ ಆಪರೇಷನ್ ಆಗಿದೆ, ಮಾಡಿದ್ದು ನಾವೇ ಅಂತಾರೆ ಇವರು. ನಮ್ಮ ಕಂಪನಿಯ ವೈದ್ಯರು ನೋಡ್ಬೇಕು, ಇವರ ಕಡೆಯ ವೈದ್ಯರು ನೋಡ್ಬೇಕು, ಆಮೇಲೆ ನ್ಯಾಯಾಧೀಶರು ನೋಡ್ಬೇಕು. ಅಲ್ಲಿವರೆಗೂ ಅದನ್ನ ಯಾರೂ ಮುಟ್ಟೋ ಹಾಗಿಲ್ಲ.”

ಮಾಸ್ತರು ವೈದ್ಯೆಯ ಕಡೆ ಆಸೆಯಿಂದ ತಿರುಗಿದರು. ಆಕೆ ಮತ್ತೊಮ್ಮೆ ದೀಪ ಬಿಟ್ಟು ನೋಡಿ, “ಕಾಯೋದ್ರಿಂದ ಅಪಾಯ ಇಲ್ಲ. ಪೊರೆ ಎಲ್ಲೂ ಓಡಿಹೋಗಲ್ಲ” ಎಂದಳು.

“ಅಲ್ಲಿವರೆಗೂ ಅಂದ್ರೆ ಎಷ್ಟು ದಿನ?”

ಅಧಿಕಾರಿ ಚಾವಣಿ ನೋಡಿದ. ವೈದ್ಯೆ ಕಿಟಕಿ ನೋಡಿದಳು. ಮ್ಯಾನೇಜರು ಮಾತ್ರ, ವಕೀಲರು ಮನಸ್ಸು ಮಾಡಿದರೆ ಎಷ್ಟು ದಿನ ಬೇಕಾದರೂ ಎಳೆಯಬಹುದೆಂದು ಬೆಣ್ಣೆಯಂಥ ದನಿಯಲ್ಲಿ ತಿಳಿಸಿದ.

“ಯೋಚನೆ ಮಾಡ್ಬೇಡಿ ಮಾಸ್ತರೇ, ನಿಮ್ಮ ಕೆಲಸ ಎಲ್ಲೂ ಹೋಗಲ್ಲ,” ಎಂದು ಯಜಮಾನಿ ಸಮಾಧಾನ ಹೇಳಿದಳು. “ಕೇಸು ಮುಗಿಯೋವರೆಗೂ ಆಫೀಸಲ್ಲಿ ಕೂತ್ಕೊಳ್ಳಿ, ರೇಡಿಯೋ ಪಕ್ಕದಲ್ಲಿ.”

ಬೆಳಗ್ಗೆಯಿಂದ ಎಲ್ಲವನ್ನೂ ಸಹಿಸಿದ್ದ ಮಾಸ್ತರು ಇದನ್ನು ಕೇಳಿ ಮಾತ್ರ ಗೋಡೆಗೊರಗಿದರು.

ಜನ ಚದುರಿದರು. ಹೊರಗೆ ದೊಡ್ಡಾಸ್ಪತ್ರೆಯ ಮೆಟ್ಟಿಲುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮಾಸ್ತರ ಪಾಲಿಗೆ ಎಲ್ಲವೂ ಸೇರಿ ಒಂದೇ ಬೆಳ್ಳನೆಯ ಇಳಿಜಾರು. ಮೊದಲ ಮೆಟ್ಟಿಲಿಗೆ ಕಾಲು ಚಾಚಿ ತಡಕಾಡುತ್ತಿದ್ದಾಗ, ಹೆಂಡತಿ ಬಂದು ರಟ್ಟೆ ಹಿಡಿದಳು.

“ಕ್ಷಮಿಸಿಬಿಟ್ಟೆಯೇನೇ?” ಎಂದರು ಮಾಸ್ತರು.

“ನಿಮ್ಮನ್ನ ಯಾರು ಕ್ಷಮಿಸಿದ್ರು?” ಎಂದಳು ಆಕೆ, ಹಿಡಿತ ಬಿಗಿ ಮಾಡುತ್ತಾ. “ಆ ಅಧಿಕಾರಿ ಕೈಮುಗಿದು ಕೇಳ್ಕೊಂಡಿದ್ದಾರೆ, ಸಾಕ್ಷಿಗೆ ಏಟಾಗದ ಹಾಗೆ ಮನೆಗೆ ಸೇರಿಸಿ ಅಂತ. ಹೂಂ, ಕಾಲು ಕೆಳಗಿಡಿ.”